ಎರಡನೇ ಶುಗರ್ ಗ್ಲೈಡರ್ ತರುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಶುಗರ್ ಗ್ಲೈಡರ್ ಎಂದರೆ ಮರದಿಂದ ಮರಕ್ಕೆ ತೇಲುವ, ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಪುಟ್ಟ ಪ್ರಾಣಿ. ಮಂಗಳೂರಿನ ಕದ್ರಿ ಗುಡ್ಡದ ಬದಿಯ ನಮ್ಮ ಮನೆಯಲ್ಲಿ ಗುಬ್ಬಿ ಎಂಬ ಹೆಣ್ಣು ಗ್ಲೈಡರ್ ಹದಿನಾಲ್ಕು ತಿಂಗಳು ಒಂಟಿಯಾಗಿತ್ತು. ಆಮೇಲೆ ಮುತ್ತು ಎಂಬ ಗಂಡು ಬಂತು. ಅಂದಿನಿಂದ ಸುರತ್ಕಲ್, ಉಡುಪಿ, ಮಣಿಪಾಲದ ಕಡೆಯಿಂದಲೂ ಸಾಕುವವರು ಫೋನ್ ಮಾಡುತ್ತಿರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಓದಿ, ವೈದ್ಯರನ್ನು ಕೇಳಿ ತಿಳಿದದ್ದೂ ಇದೆ, ತಪ್ಪು ಮಾಡಿ ಕಲಿತದ್ದೂ ಇದೆ.

ನಾನೇ ದಿನಕ್ಕೆ ಎರಡು ಗಂಟೆ ಜೊತೆಗಿರುತ್ತೇನೆ. ಅದಕ್ಕೆ ಇನ್ನೊಂದು ಜೊತೆ ಬೇಕೇ?

ಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಾಡುಗಳಲ್ಲಿ ಈ ಪ್ರಾಣಿ ಗುಂಪು ಕಟ್ಟಿಕೊಂಡು ಬಾಳುತ್ತದೆ. ಹಗಲೆಲ್ಲ ಒಂದು ಮರದ ಪೊಟರೆಯಲ್ಲಿ ಐದಾರು ಗ್ಲೈಡರ್‌ಗಳು ಒಂದರ ಮೇಲೊಂದು ಮುದುಡಿ ಮಲಗಿ, ಕತ್ತಲಾದ ಮೇಲೆ ಹೊರಬೀಳುತ್ತವೆ. ನೀವು ಕೊಡುವ ಎರಡು ಗಂಟೆ ರಾತ್ರಿ ಎಂಟರಿಂದ ಹತ್ತು ಎಂದಿಟ್ಟುಕೊಳ್ಳಿ. ನೀವು ದೀಪ ಆರಿಸಿ ಮಲಗುವ ಹೊತ್ತಿಗೆ ಅದಕ್ಕೆ ನಡುಮಧ್ಯಾಹ್ನ. ಅಲ್ಲಿಂದ ಬೆಳಗಿನ ಐದರವರೆಗೆ ಅದು ಒಬ್ಬಂಟಿ. ಕಿವಿಯ ಹಿಂದೆ ನೆಕ್ಕುವವರಿಲ್ಲ, ಕೂಗಿದರೆ ಓಗೊಡುವವರಿಲ್ಲ.

ಒಂಟಿಯಾಗಿ ಬಹುಕಾಲ ಉಳಿದ ಗ್ಲೈಡರ್‌ಗಳು ಮಂಕಾಗುತ್ತವೆ, ಊಟ ಬಿಡುತ್ತವೆ. ಕೆಲವು ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುತ್ತವೆ, ವಿಪರೀತಕ್ಕೆ ಹೋದರೆ ಬಾಲವನ್ನೋ ಕಾಲನ್ನೋ ಕಚ್ಚಿ ಗಾಯ ಮಾಡಿಕೊಳ್ಳುತ್ತವೆ. ಇದನ್ನು ನಾನು ಬಲ್ಲೆ. ಗುಬ್ಬಿಯ ಬಾಲದ ಬುಡದಲ್ಲಿ ನಾಲ್ಕಾಣೆಯಗಲ ಕೂದಲು ಹೋದಾಗ ಅದು ಸೆಕೆಗೆ ಎಂದು ನಾನು ಒಂದು ತಿಂಗಳು ಸುಮ್ಮನಿದ್ದೆ.

ಇದರಿಂದಾಗಿಯೇ ಮೊದಲ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ: ಎರಡನೆಯದನ್ನು ತರುವುದು ನಿಮಗಾಗಿ ಅಲ್ಲ, ಮೊದಲನೆಯದಕ್ಕಾಗಿ. ಬಣ್ಣ, ತಳಿ, ಬೆಲೆ ಎಲ್ಲವನ್ನೂ ಆ ಕಣ್ಣಿನಿಂದ ನೋಡಿ.

ಕೂದಲು ಉದುರುತ್ತಿದೆ. ಕೂಡಲೇ ಜೊತೆ ತಂದರೆ ಸರಿಹೋಗುತ್ತದೆಯೇ?

ಮೊದಲು ವೈದ್ಯರಿಗೆ ತೋರಿಸಿ. ಹುಳ, ಚರ್ಮದ ಸೋಂಕು, ಮೂತ್ರನಾಳದ ತೊಂದರೆ ಇದ್ದರೂ ಪ್ರಾಣಿ ತನ್ನ ಮೈಯನ್ನು ಕಚ್ಚಿಕೊಳ್ಳುತ್ತದೆ. ಗಂಡಾದರೆ ನಡುನೆತ್ತಿಯ ಬೋಳು ರೋಗವಲ್ಲ, ಅಲ್ಲಿ ಅದರ ಗಂಧಗ್ರಂಥಿ ಇದೆ. ಕಾಯಿಲೆಯ ಪ್ರಾಣಿಯ ಬಳಿಗೆ ಹೊಸದನ್ನು ತಂದರೆ ಎರಡಕ್ಕೂ ಕಷ್ಟ.

ಗಂಡು ತರಲೇ, ಹೆಣ್ಣು ತರಲೇ?

ಎಲ್ಲಕ್ಕಿಂತ ನೆಮ್ಮದಿಯ ಜೋಡಿ ಎಂದರೆ ಬೀಜ ತೆಗೆಸಿದ ಗಂಡು ಮತ್ತು ಒಂದು ಹೆಣ್ಣು. ಎರಡು ಹೆಣ್ಣುಗಳೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಒಂದು ಇನ್ನೂ ಮರಿಯಾಗಿದ್ದರೆ ಇನ್ನೂ ಸುಲಭ. ಬೀಜ ತೆಗೆಸಿದ ಎರಡು ಗಂಡುಗಳು ಒಟ್ಟಿಗೆ ಬೆಳೆದಿದ್ದರೆ ಚೆನ್ನಾಗಿಯೇ ಇರುತ್ತವೆ. ಬೀಜ ತೆಗೆಸದ, ಪರಸ್ಪರ ಪರಿಚಯವಿಲ್ಲದ ಎರಡು ದೊಡ್ಡ ಗಂಡುಗಳನ್ನು ಮಾತ್ರ ಒಂದೆಡೆ ಸೇರಿಸಬೇಡಿ. ಅಲ್ಲಿ ಸಾಯುವವರೆಗೆ ಕಾದಾಡುವ ಅಪಾಯವಿದೆ.

ಬೀಜ ತೆಗೆಸದ ಗಂಡು ಮತ್ತು ಹೆಣ್ಣು ಒಟ್ಟಿಗಿದ್ದರೆ ಮರಿ ಖಂಡಿತ. ಸಾಕಿದ ಗ್ಲೈಡರ್‌ಗಳು ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕುತ್ತವೆ. ಒಂದೇ ತಾಯಿಯ ಅಣ್ಣ ತಂಗಿಯರನ್ನು ‘ಜೋಡಿ’ ಎಂದು ಮಾರುವವರಿದ್ದಾರೆ. ಅಂಥದ್ದನ್ನು ತಂದಿದ್ದರೆ ಗಂಡಿನ ಬೀಜ ತೆಗೆಸುವುದನ್ನು ಮುಂದೂಡಬೇಡಿ.

ಗಂಡು ಹೆಣ್ಣು ಗುರುತಿಸುವುದು ಹೇಗೆ?

ಹೊಟ್ಟೆಯ ನಡುವೆ, ನಮಗೆ ಹೊಕ್ಕುಳಿರುವ ಜಾಗದಲ್ಲಿ ನೋಡಿ. ಗಂಡಿಗೆ ಅಲ್ಲಿ ಕೂದಲಿರುವ ಸಣ್ಣ ಗುಂಡು ಜೋತಾಡುತ್ತದೆ. ಹೆಣ್ಣಿಗೆ ಅಲ್ಲೇ ಒಂದು ಸಣ್ಣ ಸೀಳು, ಅದು ಹೊಟ್ಟೆಚೀಲದ ಬಾಯಿ. ಅಂಗಡಿಯವರ ಮಾತನ್ನು ನಂಬಿ ತರಬೇಡಿ, ನೀವೇ ನೋಡಿ.

ಬೀಜ ತೆಗೆಸುವ ಶಸ್ತ್ರಚಿಕಿತ್ಸೆಯನ್ನು ನಮ್ಮೂರಲ್ಲಿ ಮಾಡುತ್ತಾರೆಯೇ?

ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರೂ ಇದಕ್ಕೆ ಕೈ ಹಾಕುವುದಿಲ್ಲ, ಹಾಕದಿರುವುದೇ ಒಳ್ಳೆಯದು. ನೂರು ಗ್ರಾಂ ಆಸುಪಾಸು ತೂಗುವ ಪ್ರಾಣಿಗೆ ಅರಿವಳಿಕೆ ಕೊಡುವುದೆಂದರೆ ಸಣ್ಣ ಕೆಲಸವಲ್ಲ. ಫೋನ್ ಮಾಡಿ ಮೂರು ಮಾತು ಕೇಳಿ: ಗ್ಲೈಡರ್‌ಗೆ ಮೊದಲು ಮಾಡಿದ್ದೀರಾ, ಅನಿಲದ ಅರಿವಳಿಕೆ ಇದೆಯೇ, ಚಿಕಿತ್ಸೆಯಾದ ಮೇಲೆ ಹೊಲಿಗೆಯನ್ನು ಕಚ್ಚದಂತೆ ಏನು ಮಾಡುತ್ತೀರಿ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಬಂದರೆ ಅವರು ಈ ಪ್ರಾಣಿಯನ್ನು ಬಲ್ಲವರು. ನಾವು ಮುತ್ತುವನ್ನು ಬೆಂಗಳೂರಿಗೇ ಒಯ್ದೆವು. ದೂರ ಹೌದು, ಆದರೆ ಅಲ್ಲಿ ಅಂದು ಸಂಜೆಯೇ ಅವನು ಪಪ್ಪಾಯ ತಿಂದ.

ಶಸ್ತ್ರಚಿಕಿತ್ಸೆಯ ಮಾರನೆಯ ದಿನವೇ ಹೆಣ್ಣಿನ ಜೊತೆ ಬಿಡುವಂತಿಲ್ಲ. ಗಾಯ ಮಾಯಬೇಕು, ಮೈಯಲ್ಲಿ ಉಳಿದ ವೀರ್ಯದ ಶಕ್ತಿಯೂ ಕಳೆಯಬೇಕು. ಎಷ್ಟು ವಾರ ಕಾಯಬೇಕೆಂದು ವೈದ್ಯರನ್ನೇ ಕೇಳಿ.

ಎಲ್ಲಿಂದ ತರಬೇಕು? ಇದು ಕಾನೂನಿಗೆ ವಿರುದ್ಧವಲ್ಲವೇ?

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಶುಗರ್ ಗ್ಲೈಡರ್ ಅಳಿಲಲ್ಲ. ಅದು ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಪ್ರಾಣಿ. ನಮ್ಮ ಪಶ್ಚಿಮ ಘಟ್ಟದಲ್ಲಿರುವ ಹಾರುವ ಅಳಿಲುಗಳು, ಹಾರುಬೆಕ್ಕು ಎಂದು ಕರೆಯುವ ದೊಡ್ಡ ಹಾರುವ ಅಳಿಲು ಸೇರಿದಂತೆ, ಬೇರೆಯೇ ಕುಲದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕಿದೆ. ಘಟ್ಟದ ಬುಡದ ತೋಟದಲ್ಲಿ ಮರ ಕಡಿಯುವಾಗ ಸಿಕ್ಕಿದ ಮರಿಯನ್ನು ‘ಇದೂ ಅದೇ ಜಾತಿ, ಜೊತೆಗೆ ಬಿಡಿ’ ಎಂದು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅದನ್ನು ಸಾಕುವುದು ಅಪರಾಧ, ನಿಮ್ಮ ಗ್ಲೈಡರ್‌ನೊಂದಿಗೆ ಅದು ಹೊಂದಿಕೊಳ್ಳುವುದೂ ಇಲ್ಲ.

ಮನೆಯಲ್ಲೇ ಮರಿ ಮಾಡಿ ಕೊಡುವವರಿಂದ ತನ್ನಿ. ತಾಯಿ ತಂದೆಯನ್ನು ತೋರಿಸಲು ಹೇಳಿ. ಬಿಲ್ಲು, ಹುಟ್ಟಿದ ದಿನಾಂಕ, ಮಾರಿದವರ ಸಹಿ ಇರುವ ಕಾಗದ ಇಟ್ಟುಕೊಳ್ಳಿ. ಹೊರದೇಶದ ಪ್ರಾಣಿ ಸಾಕುವ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಬಿಗಿಯಾಗುತ್ತಿವೆ, ಹಣ ಕೊಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮರಿ ಚೀಲದಿಂದ ಹೊರಬಂದು ಕನಿಷ್ಠ ಎಂಟು ವಾರವಾದರೂ ಆಗಿರಬೇಕು. ಅದಕ್ಕೂ ಮೊದಲು ತಾಯಿಯಿಂದ ಬಿಡಿಸಿದ್ದನ್ನು ತಂದರೆ ಉಳಿಸಿಕೊಳ್ಳುವುದೇ ಕಷ್ಟ.

ಬೆಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇವೆ ಎನ್ನುತ್ತಾರೆ. ಆಗಬಹುದೇ?

ಬೇಡ. ಡಿಕ್ಕಿಯ ಕತ್ತಲು, ಬಿಸಿ, ಹೊಗೆ, ಶಿರಾಡಿ ಘಾಟಿಯ ತಿರುವುಗಳು. ನೀವೇ ಹೋಗಿ, ಬಟ್ಟೆಚೀಲದಲ್ಲಿ ಹಾಕಿ ಎದೆಗೆ ಕಟ್ಟಿಕೊಂಡು ಹಗಲಿನಲ್ಲಿ ತನ್ನಿ. ಅದು ನಿದ್ದೆಯ ಹೊತ್ತು, ದಾರಿಯುದ್ದಕ್ಕೂ ಮಲಗಿರುತ್ತದೆ. ಒಂದು ತುಂಡು ಸೇಬು ಇಟ್ಟರೆ ನೀರಿನ ಅಂಶಕ್ಕೆ ಸಾಕು.

ಬಂದ ದಿನವೇ ಒಂದೇ ಪಂಜರದಲ್ಲಿ ಬಿಟ್ಟರೆ?

ನಾನು ಬಂದ ದಿನವೇ ಬಿಡಲಿಲ್ಲ, ಐದನೇ ದಿನ ಬಿಟ್ಟೆ. ಎರಡೂ ಪಂಜರಗಳಿಂದ ಸದ್ದಿರಲಿಲ್ಲ, ಒಗ್ಗಿಕೊಂಡಿವೆ ಎಂದುಕೊಂಡೆ. ಮುತ್ತುವನ್ನು ಗುಬ್ಬಿಯ ಪಂಜರದೊಳಗೆ ಇಳಿಸಿದ ಕ್ಷಣಕ್ಕೆ ಅವಳು ಮೇಲೆ ತೂಗುಹಾಕಿದ ಮಲಗುವ ಚೀಲದಿಂದ ನೇರ ಅವನ ಮುಖದ ಮೇಲೆ ಎರಗಿದಳು. ಎರಡೂ ಒಂದೇ ಉಂಡೆಯಾಗಿ ಕೆಳಗುರುಳಿದವು. ಬಿಡಿಸುವಷ್ಟರಲ್ಲಿ ಮುತ್ತುವಿನ ಎಡಗಿವಿ ಹರಿದಿತ್ತು. ಈಗಲೂ ಆ ಕಿವಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಇದೆ. ಗುಬ್ಬಿಯದು ಏನೂ ತಪ್ಪಿರಲಿಲ್ಲ. ತನ್ನ ಮನೆಗೆ ಬೇರೆಯ ವಾಸನೆಯವನು ನುಗ್ಗಿದ್ದ, ಅವಳು ಕಾದಾಡಿದಳು. ತಪ್ಪು ನನ್ನ ಅವಸರದ್ದು.

ಹೊಸದನ್ನು ಮೂವತ್ತು ದಿನ ಬೇರೆ ಕೋಣೆಯಲ್ಲಿ ಇಡಿ. ಮೊದಲ ವಾರದಲ್ಲೇ ಅದರ ಹಿಕ್ಕೆಯನ್ನು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾದಂತಹ ಹೊಟ್ಟೆಯ ಪರೋಪಜೀವಿಗಳು ಹೊರಗೆ ಕಾಣುವುದಿಲ್ಲ, ಹಳೆಯದಕ್ಕೂ ಹತ್ತಿದ ಮೇಲೆಯೇ ಗೊತ್ತಾಗುವುದು. ಪ್ರತಿದಿನ ಹಳೆಯದರ ಕೆಲಸ ಮೊದಲು, ಹೊಸದರದ್ದು ಆಮೇಲೆ. ನಡುವೆ ಕೈ ತೊಳೆಯಿರಿ. ಬಟ್ಟಲು, ಕುಡಿಯುವ ಬಾಟಲಿ, ಒರೆಸುವ ಬಟ್ಟೆ ಬೇರೆ ಬೇರೆ ಇರಲಿ. ಫ್ಲಾಟಿನಲ್ಲಿ ಕೋಣೆ ಕಡಿಮೆಯಿದ್ದರೆ ಅಡುಗೆಮನೆ ಮಾತ್ರ ಬೇಡ: ಒಗ್ಗರಣೆಯ ಹೊಗೆ, ಕಾದ ನಾನ್‌ಸ್ಟಿಕ್ ಕಾವಲಿಯ ಹಬೆ ಎರಡೂ ಸಣ್ಣ ಜೀವಕ್ಕೆ ಕೆಟ್ಟವು.

ಮೂವತ್ತು ದಿನ ಕಳೆಯಿತು. ಈಗೇನು?

ಈಗ ವಾಸನೆಯ ಕೆಲಸ. ಇಡೀ ಪರಿಚಯದಲ್ಲಿ ಮುಖ್ಯವಾದದ್ದು ಇದು, ಜನ ಹಾರಿಸಿಬಿಡುವುದೂ ಇದನ್ನೇ.

ಗ್ಲೈಡರ್‌ಗೆ ‘ನಮ್ಮವರು’ ಎಂದರೆ ನಮ್ಮ ವಾಸನೆಯವರು. ಗುಂಪಿನ ಯಜಮಾನ ಗಂಡು ತನ್ನ ನೆತ್ತಿಯ ಗ್ರಂಥಿಯನ್ನು ಉಳಿದವುಗಳ ಎದೆಗೆ ಉಜ್ಜಿ ಎಲ್ಲರಿಗೂ ಒಂದೇ ಗುರುತು ಹಚ್ಚುತ್ತದೆ. ಆ ಗುರುತಿಲ್ಲದವನು ಪರಕೀಯ. ಆದ್ದರಿಂದ ಕಣ್ಣು ಕಣ್ಣು ಕೂಡುವ ಮೊದಲು ಮೂಗು ಮೂಗು ಕೂಡಬೇಕು.

ಪಂಜರಗಳನ್ನು ಒಂದೇ ಕೋಣೆಗೆ ತನ್ನಿ, ನಡುವೆ ಒಂದೂವರೆ ಅಡಿ ಬಿಡಿ. ತಾಗಿಸಿ ಇಡಬೇಡಿ, ಸರಳಿನ ಸಂದಿಯಿಂದ ಕಾಲಿನ ಬೆರಳು ಕಚ್ಚುತ್ತವೆ. ಪ್ರತಿ ಎರಡು ದಿನಕ್ಕೊಮ್ಮೆ ಮಲಗುವ ಚೀಲದೊಳಗಿನ ಫ್ಲೀಸ್ ಬಟ್ಟೆಯ ತುಂಡುಗಳನ್ನು ಅದಲುಬದಲು ಮಾಡಿ. ತೊಳೆಯಬೇಡಿ, ಹಾಗೇ ಹಾಕಿ. ಒಂದು ವಾರದ ನಂತರ ಇಡೀ ಚೀಲವನ್ನೇ ಬದಲಿಸಿ. ಇನ್ನೊಂದು ವಾರದ ಮೇಲೆ ಪ್ರಾಣಿಗಳನ್ನೇ ಬದಲಿಸಿ: ಒಂದು ರಾತ್ರಿ ಇದು ಅದರ ಪಂಜರದಲ್ಲಿ, ಅದು ಇದರ ಪಂಜರದಲ್ಲಿ. ಈ ದಿನಗಳಲ್ಲಿ ನೀವು ಸುಗಂಧದ ಸಾಬೂನು, ಪೌಡರ್ ಕಡಿಮೆ ಮಾಡಿ. ಪಂಜರಕ್ಕೆ ಫಿನಾಯಿಲ್ ತಾಗಿಸಲೇಬೇಡಿ. ಬಿಸಿನೀರು, ಸ್ವಲ್ಪ ವಿನೆಗರ್ ಸಾಕು.

ಕಿವಿ ಹರಿದ ಮೇಲೆ ನಾನು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ. ಮುತ್ತುವಿನ ನೀಲಿ ತುಂಡನ್ನು ಇಟ್ಟ ಮೊದಲ ರಾತ್ರಿ ಗುಬ್ಬಿ ಅದನ್ನು ಮೂಸಿ, ಹಿಂದೆ ಸರಿದು ಕರ್ರೆಂದು ಕೂಗಿದಳು. ಎರಡನೇ ಸಲ ಅದರ ಮೇಲೆ ಉಚ್ಚೆ ಹೊಯ್ದಳು. ಮೂರನೇ ಸಲ ನೋಡಲೂ ಇಲ್ಲ. ನಾಲ್ಕನೇ ಸಲ ರಾತ್ರಿ ಒಂದು ಗಂಟೆಯ ಹೊತ್ತಿಗೆ ನಾನು ನೀರು ಕುಡಿಯಲು ಎದ್ದಿದ್ದೆ. ಗುಬ್ಬಿ ಹಿಂಗಾಲಲ್ಲಿ ಸರಳಿಗೆ ಜೋತುಬಿದ್ದು ಆ ನೀಲಿ ತುಂಡನ್ನು ಮುಂಗೈಯಿಂದ ಹಿಂದಕ್ಕೆ ತಳ್ಳಿ, ಬಾಲದ ತುದಿಯನ್ನು ಸುರುಳಿ ಮಾಡಿ ಅದರಲ್ಲಿ ಹಿಡಿದುಕೊಂಡಳು. ಹಾಗೇ ಬಾಲದಲ್ಲಿ ಸುತ್ತಿಕೊಂಡು ಮೇಲೇರಿ ತನ್ನ ಚೀಲದೊಳಗೆ ಒಯ್ದಳು. ಕಾಡಿನಲ್ಲಿ ಗೂಡಿಗೆ ಎಲೆ ಹೊರುವುದೂ ಹೀಗೆಯೇ. ಅವನ ವಾಸನೆ ಅವಳ ಹಾಸಿಗೆಗೆ ಹೋಯಿತು. ನಾನು ಕಾಯುತ್ತಿದ್ದ ಅಪ್ಪಣೆ ಅದೇ ಎಂದು ಅನಿಸಿತು, ಮರುವಾರ ಭೇಟಿ ಇಟ್ಟುಕೊಂಡೆ.

ಮೊದಲ ಭೇಟಿ ಎಲ್ಲಿ ಮಾಡಿಸಬೇಕು?

ಎರಡಕ್ಕೂ ಸೇರದ ಜಾಗದಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಬಚ್ಚಲುಮನೆ ಚೆನ್ನಾಗಿ ಒದಗುತ್ತದೆ, ಆದರೆ ಮೊದಲು ಅದನ್ನು ಅಣಿ ಮಾಡಬೇಕು. ಹಂಡೆ, ಬಕೆಟ್ ಖಾಲಿ ಮಾಡಿ ಮಗುಚಿಡಿ. ಕಮೋಡ್ ಇದ್ದರೆ ಮುಚ್ಚಳ ಹಾಕಿ ಮೇಲೆ ಭಾರ ಇಡಿ, ಗ್ಲೈಡರ್‌ಗಳು ಅದರಲ್ಲಿ ಬಿದ್ದು ಮುಳುಗಿದ್ದುಂಟು. ವೆಂಟಿಲೇಟರಿನ ಗಾಜುಪಟ್ಟಿಗಳ ಸಂದಿ, ನೀರು ಹೋಗುವ ಕಂಡಿ ಎರಡಕ್ಕೂ ಬಟ್ಟೆ ತುರುಕಿ. ಹಂಚಿನ ಮನೆಯಾದರೆ ಮೇಲಿನ ಛಾವಣಿ ನೋಡಿ: ಹೆಬ್ಬೆರಳು ತೂರುವ ಸಂದಿಯಲ್ಲಿ ಗ್ಲೈಡರ್ ತೂರುತ್ತದೆ. ಹೊರಗೆ ಬೆಕ್ಕು, ಕಾಗೆ, ಹಾವು ಇವೆ.

ಮಡಚುವ ಸೊಳ್ಳೆ ಪರದೆಯ ಗುಡಾರದೊಳಗೆ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ತೀರಾ ಸಣ್ಣ ಕಣ್ಣಿನ ಬಲೆಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಓಡಬೇಕಾದ ಹೊತ್ತಿನಲ್ಲಿ ಕಾಲು ಸಿಕ್ಕಿಕೊಂಡರೆ ಅನಾಹುತ. ಒಳಭಾಗಕ್ಕೆ ಹಳೆಯ ಬೆಡ್‌ಶೀಟ್ ಕಟ್ಟಿದರೆ ಸರಿ.

ಹೊತ್ತು ಸಂಜೆ ಏಳರ ನಂತರ, ಎರಡಕ್ಕೂ ಸ್ವಲ್ಪ ಊಟವಾದ ಮೇಲೆ. ಒಂದು ಸಣ್ಣ ಕೆಂಪು ದೀಪ ಸಾಕು. ಅಡಗಲು ಎರಡೆರಡು ಜಾಗ ಇರಲಿ, ಎರಡೂ ಕಡೆ ಬಾಯಿ ಇರುವ ರಟ್ಟಿನ ಕೊಳವೆ ಒಳ್ಳೆಯದು. ಒಂದೇ ಬಾಯಿಯ ಡಬ್ಬಿಯಲ್ಲಿ ಅಡಗಿದ್ದು ಮೂಲೆಗೆ ಸಿಕ್ಕಿಬೀಳುತ್ತದೆ. ತಟ್ಟೆಯಲ್ಲಿ ನೆಕ್ಕಲು ಒಂದಿಷ್ಟು ಸಿಹಿ ಮೊಸರು ಇಡಿ. ನೀವು ಉದ್ದ ತೋಳಿನ ಅಂಗಿ ಹಾಕಿಕೊಂಡು, ಟವೆಲ್ ಮತ್ತು ಒಂದು ಪ್ಲಾಸ್ಟಿಕ್ ಬೋಗುಣಿ ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಕೊಳ್ಳಿ. ಮೊದಲ ದಿನ ಹತ್ತು ಹದಿನೈದು ನಿಮಿಷ. ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ, ನಾಳೆ ಮತ್ತೆ.

ಎರಡನ್ನೂ ಒಂದೇ ಬಟ್ಟೆಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳುವ ವಿಧಾನವನ್ನು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಓಡಲು ದಾರಿಯಿಲ್ಲದ ಕಡೆ ಪರಿಚಯ ಮಾಡಿಸಬಾರದು.

ಅವು ಕೂಗಾಡುತ್ತಿವೆ, ಅಟ್ಟಾಡಿಸುತ್ತಿವೆ. ಇದು ಜಗಳವೇ?

ಹೆಚ್ಚಿನಂಶ ಅಲ್ಲ. ಹಳೆಯ ಮಿಕ್ಸಿಗೆ ಒಣಮೆಣಸು ಹಾಕಿ ತಿರುಗಿಸಿದಂತಹ ‘ಕರ್ರ್‌ರ್’ ಸದ್ದು ಹೆದರಿಕೆಯದು, ‘ಹತ್ತಿರ ಬರಬೇಡ’ ಎಂದು ಹೇಳುವುದು. ಮೊದಲ ಭೇಟಿಯಲ್ಲಿ ಅದು ಬಂದೇ ಬರುತ್ತದೆ. ನಾಯಿಮರಿಯಂತೆ ಒಂದೇ ಸಮ ಬೊಗಳುವುದು ಎಚ್ಚರಿಕೆಯ, ಕರೆಯುವ ಕೂಗು. ‘ತ್ಸ್ ತ್ಸ್’ ಎಂದು ಸೀನಿದಂತೆ ಮಾಡಿ ಕೈಗೆ ಉಗುಳು ಹಚ್ಚಿ ಮೈ ಒರೆಸಿಕೊಂಡರೆ ಅದು ನೆಗಡಿಯಲ್ಲ, ಸ್ನಾನ. ಭೇಟಿಯ ನಡುವೆ ಒಂದು ಪ್ರಾಣಿ ಹೀಗೆ ಮೈ ಒರೆಸಿಕೊಳ್ಳತೊಡಗಿದರೆ ಅದಕ್ಕೆ ಭಯ ಇಳಿದಿದೆ ಎಂದು ತಿಳಿಯಿರಿ.

ಬಾಲದ ಬುಡ ಮೂಸುವುದು, ಗಂಡು ತಲೆ ಉಜ್ಜುವುದು, ಒಂದೆರಡು ಸುತ್ತು ಅಟ್ಟಿಸಿ ಬಿಟ್ಟುಬಿಡುವುದು, ಹಿಂಗಾಲ ಮೇಲೆ ನಿಂತು ಕೈ ಬೀಸುವುದು, ಇವೆಲ್ಲ ಮಾತುಕತೆ. ನಡುವೆ ಹೋಗಬೇಡಿ.

ಸದ್ದು ನಿಂತು ಎರಡೂ ಬಿಗಿಯಾಗಿ ಅಪ್ಪಿಕೊಂಡು ಉರುಳಿದರೆ, ಕೂದಲು ಹಾರಿದರೆ, ಒಂದು ಇನ್ನೊಂದನ್ನು ಮೂಲೆಗೆ ಒತ್ತಿ ಬಿಡದೇ ಕಚ್ಚಿದರೆ, ಅದು ಜಗಳ. ನಿಜವಾದ ಜಗಳದಲ್ಲಿ ಕೂಗು ಕಡಿಮೆ. ಇದನ್ನು ನೆನಪಿಡಿ, ಕೂಗಿಗೆ ಹೆದರಿ ಮೌನಕ್ಕೆ ನಿಶ್ಚಿಂತರಾಗುವವರೇ ಜಾಸ್ತಿ.

ಕಚ್ಚಾಡಿ ರಕ್ತ ಬಂದರೆ ಏನು ಮಾಡಲಿ?

ಬರಿಗೈ ಹಾಕಬೇಡಿ, ನಿಮ್ಮ ಬೆರಳಿಗೂ ಹಲ್ಲು ಇಳಿಯುತ್ತದೆ. ಟವೆಲ್ ಮೇಲೆ ಎಸೆಯಿರಿ, ಒಂದರ ಮೇಲೆ ಬೋಗುಣಿ ಕವುಚಿ ಬೇರೆ ಮಾಡಿ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಮನೆಯ ಮುಲಾಮು ಯಾವುದೂ ಬೇಡ. ಅದು ಎಲ್ಲವನ್ನೂ ನೆಕ್ಕಿಬಿಡುತ್ತದೆ, ನೆಕ್ಕುತ್ತಾ ಗಾಯವನ್ನೇ ಕೀಳುತ್ತದೆ. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ವೈದ್ಯರಲ್ಲಿಗೆ ಒಯ್ಯಿರಿ. ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟೇ ಇದ್ದರೂ ಒಳಗೆ ಕೀವು ಕಟ್ಟುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಭೇಟಿ ಇಲ್ಲ. ಆಮೇಲೆ ಬಟ್ಟೆ ಬದಲಿಸುವ ಹಂತದಿಂದ ಮತ್ತೆ ಶುರು.

ಒಂದೇ ಪಂಜರಕ್ಕೆ ಯಾವಾಗ ಸೇರಿಸುವುದು?

ಮೂರು ನಾಲ್ಕು ಭೇಟಿಗಳಲ್ಲಿ ಕಚ್ಚಾಟವಿಲ್ಲದೆ, ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ನೆಕ್ಕಿದ ಮೇಲೆ. ಪಂಜರವನ್ನು ಬಿಸಿನೀರಿನಲ್ಲಿ ಪೂರ್ತಿ ತೊಳೆದು ಒಣಗಿಸಿ. ಕೊಂಬೆ, ಚಕ್ರ, ಚೀಲ ಎಲ್ಲದರ ಜಾಗ ಬದಲಿಸಿ. ಹಳೆಯದಕ್ಕೂ ಅದು ಹೊಸ ಮನೆ ಅನಿಸಬೇಕು. ಎರಡು ಊಟದ ಬಟ್ಟಲು ಎದುರುಬದುರು ಮೂಲೆಗಳಲ್ಲಿ, ಎರಡು ಮಲಗುವ ಚೀಲ, ಎರಡು ನೀರಿನ ಬಾಟಲಿ. ಮರುದಿನ ರಜೆ ಇರುವ ರಾತ್ರಿಯನ್ನೇ ಆರಿಸಿಕೊಳ್ಳಿ, ನೀವು ಎಚ್ಚರವಾಗಿರಬೇಕಾಗುತ್ತದೆ.

ಜೋಡಿಗೆ ಎರಡು ಅಡಿ ಅಗಲ, ಎರಡು ಅಡಿ ಆಳ, ಮೂರು ಅಡಿ ಎತ್ತರ ಕನಿಷ್ಠ. ಸರಳುಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಬೇಡ. ಕರಾವಳಿಯ ಉಪ್ಪುಗಾಳಿಗೆ ಅಗ್ಗದ ಸತು ಲೇಪನದ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ, ಇವು ಅದನ್ನು ಕಚ್ಚುತ್ತವೆ. ಪೌಡರ್ ಕೋಟಿಂಗ್ ಮಾಡಿದ್ದಕ್ಕೇ ಹಣ ಹಾಕಿ. ಓಡುವ ಚಕ್ರದ ನಡುವೆ ಅಡ್ಡ ಸರಳು ಇರಬಾರದು, ಬಾಲ ಸುತ್ತಿಕೊಳ್ಳುತ್ತದೆ.

ಒಟ್ಟು ಎಷ್ಟು ದಿನ ಹಿಡಿಯುತ್ತದೆ?

ನಮ್ಮಲ್ಲಿ ಎಂಬತ್ತು ದಿನ ಹಿಡಿಯಿತು, ನನ್ನ ತಪ್ಪಿನ ದಿನಗಳೂ ಸೇರಿ. ಮರಿಯಾದರೆ ಬೇಗ.

ಎರಡಕ್ಕೆ ಊಟದ ವ್ಯವಸ್ಥೆ ಹೇಗೆ?

ಒಂದಕ್ಕೆ ಮಾಡುವವರಿಗೆ ಎರಡಕ್ಕೆ ಮಾಡುವುದು ಭಾರವಲ್ಲ. ಆದರೆ ಒಂದಕ್ಕೆ ಮಾಡುತ್ತಿದ್ದುದೇ ತಪ್ಪಾಗಿದ್ದರೆ ಈಗಲೇ ತಿದ್ದಿಕೊಳ್ಳಿ. ಹೆಸರಿನಲ್ಲಿ ಸಕ್ಕರೆ ಇದೆ ಎಂದು ಹಣ್ಣನ್ನಷ್ಟೇ ಕೊಡುವವರ ಮನೆಯ ಗ್ಲೈಡರ್‌ಗೆ ಹಿಂಗಾಲು ಸೋಲುತ್ತದೆ. ಕಾಡಿನಲ್ಲಿ ಅದು ತಿನ್ನುವುದು ಮರದ ಅಂಟು, ರಸ, ಮಕರಂದ, ಪರಾಗ ಮತ್ತು ಹುಳಹುಪ್ಪಟೆ. ರಂಜಕಕ್ಕಿಂತ ಸುಣ್ಣದ ಅಂಶ ಹೆಚ್ಚಿರಬೇಕು, ಸರಿಸುಮಾರು ಒಂದಕ್ಕೆ ಎರಡು. ನಾವು ಬೇಯಿಸಿದ ಮೊಟ್ಟೆ, ಗ್ಲೈಡರ್‌ಗೆಂದೇ ಬರುವ ಪುಡಿ, ಸಾಕಿದ ಮೀಲ್‌ವರ್ಮ್ ಎಂಬ ಹುಳ ಮತ್ತು ಪಪ್ಪಾಯ ಕೊಡುತ್ತೇವೆ. ಹಿತ್ತಿಲಿನ ಮಿಡತೆ ಹಿಡಿದು ಕೊಡಬೇಡಿ, ತೋಟಕ್ಕೆ ಹೊಡೆದ ಔಷಧ ಅದರ ಮೈಯಲ್ಲಿರುತ್ತದೆ. ಸೊಪ್ಪು ಒಳ್ಳೆಯದೆಂದು ಬಸಳೆ, ಹರಿವೆ ಹಾಕುವವರಿದ್ದಾರೆ. ಅವುಗಳಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಮೈಗೆ ಸೇರಗೊಡುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ.

ಒಂದು ಬಟ್ಟಲನ್ನು ಒಂದೇ ಕಾಯುತ್ತಿದೆಯೇ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ಹೊರಗೆ ಎಲ್ಲವೂ ಶಾಂತವಾಗಿ ಕಂಡರೂ ಒಂದು ಹಸಿದಿದ್ದರೆ ತಕ್ಕಡಿ ಹೇಳುತ್ತದೆ.

ನಮ್ಮ ಸೆಕೆ, ಮಳೆ ಇವಕ್ಕೆ ಒಗ್ಗುತ್ತದೆಯೇ? ಯಾವ ತಿಂಗಳಲ್ಲಿ ತರುವುದು ಒಳ್ಳೆಯದು?

ಇವಕ್ಕೆ ಹಿತವಾದ ಬಿಸಿ 24ರಿಂದ 27 ಡಿಗ್ರಿ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ನಮ್ಮ ಮಹಡಿಯ ಕೋಣೆಗಳು ಅದನ್ನು ಎಷ್ಟೋ ಮೀರುತ್ತವೆ. ಕೈಕಾಲು ಚಾಚಿ ಚೀಲದ ಹೊರಗೆ ಮಲಗಿದರೆ ಸೆಕೆ ತಡೆಯಲಾಗುತ್ತಿಲ್ಲ ಎಂದರ್ಥ, ಕೆಳಗಿನ ತಂಪು ಕೋಣೆಗೆ ಒಯ್ಯಿರಿ. ಹಾಗೆಂದು ಎಸಿಯನ್ನು 18ಕ್ಕೆ ಇಟ್ಟು ಅದೇ ಕೋಣೆಯಲ್ಲಿ ಇಡಬೇಡಿ. ಚಳಿಗೆ ಮೈ ಮರಗಟ್ಟಿ ಸತ್ತಂತೆ ಬಿದ್ದಿರುತ್ತದೆ. ಎದೆಗವಚಿ ನಿಧಾನ ಬೆಚ್ಚಗೆ ಮಾಡಿದರೆ ಎಚ್ಚರವಾಗುತ್ತದೆ, ನೋಡಿದವರ ಜೀವ ಮಾತ್ರ ಹೋಗಿ ಬಂದಿರುತ್ತದೆ.

ಪರಿಚಯಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ದೀಪಾವಳಿಯ ಪಟಾಕಿ ಮುಗಿದಿರಲಿ. ಆಟಿ ತಿಂಗಳ ಮಳೆಯಲ್ಲಿ ಫ್ಲೀಸ್ ಒಣಗುವುದಿಲ್ಲ. ಬೂಷ್ಟು ಹಿಡಿದ ಬಟ್ಟೆಯಲ್ಲಿ ಮಲಗಿಸುವಂತಿಲ್ಲ, ವಾಸನೆ ಬದಲಿಸುವ ಕೆಲಸವೂ ಕೆಡುತ್ತದೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಬಟ್ಟೆಯ ತುಂಡುಗಳನ್ನು ಮೂರು ಪಟ್ಟು ಇಟ್ಟುಕೊಂಡು ಫ್ಯಾನಿನ ಕೆಳಗೆ ಒಣಗಿಸಿ. ಪಂಜರದ ಕಾಲುಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಹಣ್ಣಿನ ವಾಸನೆಗೆ ಇರುವೆ ಸಾಲುಗಟ್ಟುತ್ತದೆ. ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಧೂಪ ಎರಡೂ ಬೇಡ.

ಮರಿ ಹಾಕಿದರೆ?

ಬಸಿರು ಹದಿನಾರು ದಿನ ಮಾತ್ರ. ಹುಟ್ಟಿದ ಮರಿ ಅಕ್ಕಿಕಾಳಿನಷ್ಟಿದ್ದು ತಾನೇ ಚೀಲಕ್ಕೆ ತೆವಳುತ್ತದೆ, ಅಲ್ಲಿ ಸುಮಾರು ಎಪ್ಪತ್ತು ದಿನ ಇರುತ್ತದೆ. ಚೀಲ ಉಬ್ಬಿದ ಹೆಣ್ಣಿಗೆ ಆ ಹೊತ್ತಿನಲ್ಲಿ ಹೊಸ ಪ್ರಾಣಿಯ ಪರಿಚಯ ಮಾಡಿಸಬೇಡಿ, ಮರಿ ಉಳಿಯುವುದಿಲ್ಲ. ತರುವ ಹೆಣ್ಣು ದೊಡ್ಡದಾಗಿದ್ದರೆ ಮೊದಲು ಚೀಲ ನೋಡಿಸಿ.

ಮರಿಗಳು ಹೆಚ್ಚಾದವೆಂದು ಗುಡ್ಡೆಗೆ ಬಿಡುವ ಯೋಚನೆಯನ್ನು ಯಾರೂ ಮಾಡಬಾರದು. 19ನೇ ಶತಮಾನದಲ್ಲಿ ಮನುಷ್ಯರು ಟಾಸ್ಮೇನಿಯಾ ದ್ವೀಪಕ್ಕೆ ಒಯ್ದ ಶುಗರ್ ಗ್ಲೈಡರ್‌ಗಳು ಇಂದು ಅಲ್ಲಿನ ಸ್ವಿಫ್ಟ್ ಪ್ಯಾರಟ್ ಎಂಬ ಗಿಳಿಯ ಪೊಟರೆಗೆ ನುಗ್ಗಿ ಮೊಟ್ಟೆ, ಮರಿ, ಕಾವು ಕೂತ ತಾಯಿಯನ್ನೂ ತಿನ್ನುತ್ತಿವೆ. ಆ ಗಿಳಿ ಅಳಿವಿನ ಅಂಚಿನಲ್ಲಿದೆ. ನಮ್ಮ ಘಟ್ಟದ ಪೊಟರೆಗಳಲ್ಲೂ ಹಕ್ಕಿಗಳಿವೆ.

ಏನು ಮಾಡಿದರೂ ಎರಡೂ ಹೊಂದಿಕೊಳ್ಳಲೇ ಇಲ್ಲ. ಹಿಂದಿರುಗಿಸಲೇ?

ಮೂರು ತಿಂಗಳಾದರೂ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಎರಡು ಪಂಜರಗಳನ್ನು ಒಂದೇ ಕೋಣೆಯಲ್ಲಿ ಹತ್ತಿರ ಇಟ್ಟು ಸಾಕಿ. ಒಬ್ಬರ ಕೂಗು, ವಾಸನೆ ಇನ್ನೊಬ್ಬರಿಗೆ ಸಿಗುತ್ತಿರುತ್ತದೆ, ಪೂರ್ತಿ ಒಂಟಿಯಾಗಿರುವುದಕ್ಕಿಂತ ಅದು ಲೇಸು. ಇವು ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಗಳು. ಎರಡು ಪಂಜರ ಹನ್ನೆರಡು ವರ್ಷ ನೋಡಿಕೊಳ್ಳಲು ಆಗುವುದಿಲ್ಲ ಎಂದು ಈಗಲೇ ಅನಿಸುತ್ತಿದ್ದರೆ ಎರಡನೆಯದನ್ನು ತರಬೇಡಿ. ಜೊತೆ ಬೇಕಿರುವ ಗ್ಲೈಡರ್ ಇರುವ ಒಳ್ಳೆಯ ಮನೆಗೆ ನಿಮ್ಮದನ್ನು ಕೊಡುವುದೂ ಪ್ರೀತಿಯೇ.

ಜೊತೆ ಸಿಕ್ಕ ಮೇಲೆ ನನ್ನನ್ನು ಮರೆತುಬಿಡುತ್ತದೆಯೇ?

ಇಲ್ಲ. ಮೊದಲ ಎರಡು ವಾರ ಗುಬ್ಬಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನನಗೆ ನೋವಾಯಿತು. ಈಗ ಸಂಜೆ ಪಂಜರದ ಬಾಗಿಲು ತೆರೆದರೆ ಅವಳು ನನ್ನ ಭುಜಕ್ಕೆ ಹಾರುತ್ತಾಳೆ, ಅವಳನ್ನು ಕಂಡು ಮುತ್ತುವೂ ಹಾರುತ್ತಾನೆ. ಅವನು ಮನುಷ್ಯರನ್ನು ನಂಬಲು ಕಲಿತದ್ದು ಅವಳನ್ನು ನೋಡಿ. ಗುಬ್ಬಿಯ ಬಾಲದ ಬುಡದಲ್ಲಿ ಕೂದಲು ಮರಳಿ ಬಂದಿದೆ.

ಎರಡೂ ಒಂದೇ ಚೀಲದಲ್ಲಿ ಮಲಗುತ್ತಿವೆ. ಹಳೆಯ ಪಂಜರವನ್ನು ಮಾರಿಬಿಡಲೇ?

ಇಟ್ಟುಕೊಳ್ಳಿ. ಒಂದಕ್ಕೆ ಕಾಯಿಲೆಯಾದರೆ, ಶಸ್ತ್ರಚಿಕಿತ್ಸೆಯಾದರೆ, ಮನೆ ಬದಲಿಸುವಾಗ ಅದು ಬೇಕಾಗುತ್ತದೆ. ನಮ್ಮದನ್ನು ತೊಳೆದು, ಒರೆಸಿ, ಪ್ಲಾಸ್ಟಿಕ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಮಳೆಗಾಲ ಮುಗಿದೊಡನೆ ಒಮ್ಮೆ ಇಳಿಸಿ, ತುಕ್ಕು ಹಿಡಿದಿದೆಯೇ ಎಂದು ನೋಡುತ್ತೇವೆ.